ಒಲ್ಲೆಮ್ಮ

ಹೊಳೆಸಾಲು ಪೇಟೆಯಿಂದ ಕಾರೆಬೆಟ್ಟದ ಸೋಲಿಗರ ಪೋಡಿಗೆ, ಅಂದರೆ ಅವರ ಕಾಡೂರಿಗೆ, ಹತ್ತುವ ದಾರಿಯ ನಟ್ಟನಡುವೆ, ತಡಸಲು ಮರದ ಬುಡದಲ್ಲಿ, ಕರಿಕಲ್ಲಿನ ಪುಟ್ಟ ದೇವಿಯೊಬ್ಬಳಿದ್ದಾಳೆ. ಗುಡಿಯಿಲ್ಲ, ಬಾಗಿಲಿಲ್ಲ. ಒಂದು ಕಾಲು ಮಡಿಸಿ, ಇನ್ನೊಂದು ಮೊಣಕಾಲು ಎತ್ತಿ, ಈಗ ಎದ್ದೇಬಿಡುತ್ತಾಳೇನೋ ಎಂಬಂತೆ ಕುಳಿತಿದ್ದಾಳೆ. ಮಂಗಳವಾರ ಅವಳ ಮುಂದೆ ಜೇನು, ಸೀಗೆಕಾಯಿ, ನೆಲ್ಲಿಕಾಯಿಯ ವ್ಯಾಪಾರ. ಹೆಸರು ಒಲ್ಲೆಮ್ಮ. ವರ ಕೊಡಬೇಕಾದವಳಿಗೆ ಇದೆಂಥ ಹೆಸರು ಎಂದು ಹೊಸಬರು ಕೇಳುತ್ತಾರೆ. ಬಹಳ ವರ್ಷ ಅಲ್ಲಿ ಸೀಗೆಕಾಯಿ ಕೊಂಡವನಾದ್ದರಿಂದ ನಾನು ಕೇಳಿದ್ದನ್ನು ಹೇಳುತ್ತೇನೆ.

ಹಿಂದೊಮ್ಮೆ ಸೋಲಿಗರೇ ಜೇನು ಹೊತ್ತು ಪೇಟೆಗೆ ಇಳಿಯುತ್ತಿದ್ದರಂತೆ. ಕಾಡಿನಲ್ಲಿ ಅವರಿಗೆ ಸಿಗದಿದ್ದದ್ದು ಉಪ್ಪೊಂದೇ. ಮಳೆಗಾಲಕ್ಕೆ ಹೊಳೆ ತುಂಬಿ ದಾರಿ ಮುಚ್ಚುವುದರೊಳಗೆ ಅದನ್ನು ಕೂಡಿಟ್ಟುಕೊಳ್ಳಬೇಕು, ಇಲ್ಲವಾದರೆ ಮಕ್ಕಳಿಗೂ ಸಪ್ಪೆ ಗಂಜಿಯೇ. ಕೊಳ್ಳುವವನು ಚನ್ನಂಜಸೆಟ್ಟಿ ಒಬ್ಬನೇ. ಹೊತ್ತು ಇಳಿಯುವ ತನಕ ಅವನು ಆಕಳಿಸುತ್ತ ಕೂರುತ್ತಿದ್ದ. ಆಮೇಲೆ, “ಕೊಡ ಜೇನಿಗೆ ಬೊಗಸೆ ಉಪ್ಪು. ಬ್ಯಾಡಾದ್ರೆ ಹೊತ್ಕೊಂಡು ಹೋಗವ್ವ” ಎನ್ನುತ್ತಿದ್ದ. ಆನೆ ಓಡಾಡುವ ದಾರಿಯಲ್ಲಿ, ಕತ್ತಲಾಗುವಾಗ, ಏರು ಹತ್ತಿ ಯಾರು ಹೊರುತ್ತಾರೆ? ಸೆಟ್ಟಿಯನ್ನು ನಾನು ಬೈಯುವುದಿಲ್ಲ. ಸರಕು ವಾಪಸು ಒಯ್ಯಲಾರದವನು ಬಾಯಿ ತೆರೆಯುವ ಮೊದಲೇ ಸೋತಿರುತ್ತಾನೆ.

ಬಿತ್ತನೆಗೆ ಮುನ್ನ ಪೋಡಿನ ದೇವಿ ಪೇಟೆಯ ಹೊಳೆಯಲ್ಲಿ ಮೀಯಬೇಕು, ಅಲ್ಲಿಯವರೆಗೆ ಕೆಳಗಿನ ರೈತರು ಕಾಳು ಮುಟ್ಟುವಂತಿಲ್ಲ. ದೇವಿಯನ್ನು ಬುಟ್ಟಿಯಲ್ಲಿ ಹೊತ್ತು ತರುವವಳು ಕೇತವ್ವ. ಆ ವರ್ಷ ಅವಳು ತಡಸಲು ಮರದ ಬಳಿ ಬುಟ್ಟಿ ಇಳಿಸಿದವಳು ಎತ್ತಲಿಲ್ಲ. “ಒಲ್ಲೆ ಅಂತಾಳೆ ತಾಯಿ. ಪ್ಯಾಟೆ ಒಲ್ಲೆ, ಉಪ್ಪೇ ಇಲ್ಲಿಗೆ ಬರ್ಲಿ ಅಂತಾಳೆ” ಎಂದಳು.

ಕೆಳಗೆ ಹೊಲದ ಹದ ಆರುತ್ತಿತ್ತು. ರೈತರಿಗೆ ನಿಂತಲ್ಲಿ ನಿಲ್ಲಲಾಗದು. ಮುಗಿಲು ನೋಡುವರು, ಹೊಲಕ್ಕೆ ಹೋಗುವರು, ಮತ್ತೆ ಬಂದು ಸೆಟ್ಟಿಯ ಅಂಗಡಿ ಮುಂದೆ ಗದ್ದಲ ಮಾಡುವರು. “ನಿನ್ನ ಉಪ್ಪು ಕಾಯೋಕೆ ನಮ್ ಹೊಲ ಬೀಳು ಬಿಡನಾ ಸೆಟ್ಟಿ?” ಕೊನೆಗೆ ಅವನು ಎತ್ತುಗಳ ಮೇಲೆ ಉಪ್ಪಿನ ಚೀಲ ಹೇರಿ ಹತ್ತಿದ. ಮರದಡಿ ತಲುಪುವಷ್ಟರಲ್ಲಿ ಮೋಡ ಕಟ್ಟಿತು. ಉಪ್ಪಿನವನಿಗೆ ಮೋಡ ಎಂದರೆ ಏನೆಂದು ಬೇರೆಯವರಿಗೆ ತಿಳಿಯದು.

“ಕೊಡಕ್ಕೆ ಎರಡು ಬೊಗಸೆ” ಎಂದ ಸೆಟ್ಟಿ.

ಕೇತವ್ವ ಆಕಳಿಸಿದಳು. “ಒಲ್ಲೆ ಅಂತಾಳೆ.”

“ನಾಕು!”

“ಒಲ್ಲೆ ಅಂತಾಳೆ. ಬ್ಯಾಡಾದ್ರೆ ಹೊತ್ಕೊಂಡು ಹೋಗಪ್ಪ.”

ಚೀಲದ ಮೇಲೆ ಮೊದಲ ಹನಿ ಬಿತ್ತು. “ಅಮ್ಮಣ್ಣಿ, ಅದೇನಂತಾಳೋ ಬೇಗ ಹೇಳು!”

“ಕೊಡ ಜೇನಿಗೆ ಕೊಡ ಉಪ್ಪು.”

ಅಳೆದುಕೊಟ್ಟ. ಹೊಳೆಯ ನೀರನ್ನೇ ಮೇಲಕ್ಕೆ ಹೊತ್ತು ತಂದು ದೇವಿಗೆ ಅಲ್ಲೇ ಎರೆದರು. ಅವಳು ಮತ್ತೆ ಅಲ್ಲಿಂದ ಕದಲಲಿಲ್ಲ ಎನ್ನುತ್ತಾರೆ. ಒಲ್ಲೆ ಎಂದದ್ದು ದೇವಿಯೋ ಕೇತವ್ವನೋ ಎಂಬ ವಾದ ಇನ್ನೂ ಮುಗಿದಿಲ್ಲ. ಯಾರಾದರೂ ಆಗಲಿ, ಜಾಗ ಮಾತ್ರ ಲೆಕ್ಕ ಹಾಕಿ ಆರಿಸಿದ್ದು. ಅಲ್ಲಿಂದ ಹಿಂದಕ್ಕೆ ಹೊರುವ ಕಷ್ಟ ಇಬ್ಬರಿಗೂ ಒಂದೇ.

ದರ ಸೊಟ್ಟಗಾದ ದಿನ ದೇವಿ ಎದ್ದು ಬೆಟ್ಟ ಹತ್ತುತ್ತಾಳೆ ಎಂಬ ನಂಬಿಕೆ ಇಂದಿಗೂ ಇದೆ. ಲಾರಿ ತಂದ ವ್ಯಾಪಾರಿ ಕೂಡ ಬೆಲೆ ಕೂಗುವ ಮುಂಚೆ ಆ ಎತ್ತಿದ ಮೊಣಕಾಲಿನತ್ತ ಒಮ್ಮೆ ಕಣ್ಣು ಹಾಯಿಸುತ್ತಾನೆ. ನಾನೂ ಹಾಯಿಸುತ್ತಿದ್ದೆ.