ಕೌಲಿ ಕಾಣದ ಮಣ್ಣಿನ ಗರ್ಭ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ರೇಣುಕಯ್ಯ ಎಂಬ ಗುರುಗಳು ದನಗಳ ವೈದ್ಯ ಕಲಿಸುತ್ತಿದ್ದರು. ಶಿಷ್ಯ ಭರಮಪ್ಪನ ಶ್ರದ್ಧೆ ಏನು ಕೇಳುತ್ತೀರಿ! ನಿದ್ದೆಯಲ್ಲೂ ಪಾಠ ಒಪ್ಪಿಸುತ್ತಿದ್ದ.

ಕಣ್ಣು ಮುಚ್ಚಿಕೊಂಡು ಹೊಳೆಮಣ್ಣಿನಲ್ಲಿ ಹಸುವಿನ ಗರ್ಭ ಮಾಡುವುದು ಅಲ್ಲಿನ ರೂಢಿ. ಒಳಗಿನದನ್ನು ಕೈಯೇ ತಾನೆ ನೋಡಬೇಕು!

ಭರಮಪ್ಪ ಕೂತು ಮಾಡಿದ. ಮೊದಲು ಯೋನಿ. ಆಮೇಲೆ ಉಂಗುರ ಉಂಗುರವಾಗಿ ಬಿಗಿದ ಗರ್ಭದ ಕೊರಳು. ಅದರಾಚೆ ಗರ್ಭಚೀಲ, ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿದ ಅದರ ಎರಡು ಕವಲು. ಒಂದೊಂದು ಕವಲಿಗೂ ಒಂದು ಸಣ್ಣ ನಾಳ, ನಾಳದ ತುದಿಗೆ ಅಂಡಾಶಯ.

"ಅಯ್ಯಾ, ಕೂದಲೆಳೆಯಷ್ಟೂ ತಪ್ಪಿಲ್ಲ. ಇನ್ನು ಊರಿಗೆ ಹೋಗಿ ವೈದ್ಯ ಮಾಡಲಾ?"

"ಕೌಲಿ ಈಯಲಿ, ನೋಡೋಣ."

ಕೌಲಿ ಆಶ್ರಮದ ಹಸು. ಭರಮಪ್ಪನೇ ಮೇಯಿಸಿ ಬೆಳೆಸಿದ್ದು. ಅವಳೆಂದರೆ ಅವನಿಗೆ ಪ್ರಾಣ.

ಹೊಳೆಯ ಮೇಲೆ ಮಂಜು ತೇಲುತ್ತಿದ್ದ ಬೆಳಗಿನಲ್ಲಿ ಅವಳಿಗೆ ನೋವು ಬಂತು. ಮಂಜು ಕರಗಿ ಬಿಸಿಲೇರಿದರೂ ಕರು ಬರಲಿಲ್ಲ.

ಭರಮಪ್ಪ ಎಣ್ಣೆ ಸವರಿಕೊಂಡು ಒಳಗೆ ಕೈಯಿಟ್ಟ, ಕಣ್ಣು ಮುಚ್ಚಿದ. ಬೆಚ್ಚನೆಯ ಕತ್ತಲು. ಕನಸಿನಲ್ಲಿ ಗೊತ್ತಿರುವ ಓಣಿ ಹೊಕ್ಕಂತೆ ಕೈ ಮುಂದೆ ಮುಂದೆ ಹೋಯಿತು. ಅಷ್ಟರಲ್ಲಿ ಓಣಿಯೇ ಮುಗಿಯಿತು. ಗೋಡೆಯೆಲ್ಲ ಹಿಂಡಿದ ಬಟ್ಟೆಯಂತೆ ಮಡಿಕೆ ಮಡಿಕೆ.

"ಅಯ್ಯಾ, ಇಲ್ಲಿ ದಾರಿಯೇ ಇಲ್ಲ! ಕೌಲಿಯ ಒಳಗೇ ಏನೋ ತಪ್ಪಿದೆ."

"ಪಾಪ, ಅವಳು ನಿನ್ನ ಮಣ್ಣಿನ ಗರ್ಭ ನೋಡಿಲ್ಲವಲ್ಲಪ್ಪ."

"ತಮಾಷೆ ಬೇಡಿ ಅಯ್ಯಾ! ತಾಯಿ, ಕರು ಎರಡೂ ಹೋಗಿಬಿಡ್ತವೆ!" ಭರಮಪ್ಪನಿಗೆ ಅಳು ಒತ್ತರಿಸಿ ಬಂತು.

"ಕಲಿತದ್ದು ಅತ್ತ ಇಡು. ಕೈ ಏನು ಹೇಳ್ತಿದೆ?"

ಭರಮಪ್ಪ ಉಸಿರು ಬಿಗಿಹಿಡಿದು ಮಡಿಕೆಗಳ ಜಾಡು ಹಿಡಿದ. "ಗರ್ಭ ತಿರುಚಿಕೊಂಡಿದೆ ಅಯ್ಯಾ. ಬಲಕ್ಕೆ."

"ಬಲಮಗ್ಗುಲಿಗೆ ಮಲಗಿಸು. ಬಲಕ್ಕೇ ಹೊರಳಿಸು."

"ಬಲಕ್ಕೇನಾ? ಕರುವನ್ನ ಎಡಕ್ಕೆ ತಿರುಗಿಸಿ ಬಿಡಿಸಬೇಕಲ್ವಾ?"

"ಕರು ಇದ್ದಲ್ಲೇ ಇರಲಿ. ತಾಯಿ ತಿರುಗಿ ಅದರ ಹತ್ತಿರ ಹೋಗಲಿ."

ಮಲಗಿದ ಕೌಲಿಯ ಹೊಟ್ಟೆಗೆ ಗುರುಗಳು ಹಲಗೆ ಒತ್ತಿ, ಗರ್ಭ ಕದಲದಂತೆ ಹಿಡಿದರು. ಭರಮಪ್ಪ ಅವಳ ಕಾಲುಗಳಿಗೆ ಹಗ್ಗ ಕಟ್ಟಿ ಎಳೆದ. ಕೌಲಿ ಬೆನ್ನ ಮೇಲೆ ಹೊರಳಿ ಆಚೆ ಮಗ್ಗುಲಾದಳು.

ಮತ್ತೆ ಕೈಯಿಟ್ಟ. ಮಡಿಕೆ ಇಲ್ಲ! ದಾರಿ ತೆರೆದಿತ್ತು. ಕತ್ತಲಲ್ಲಿ ಪುಟ್ಟ ಗೊರಸೊಂದು ಬೆರಳಿಗೆ ತಾಗಿ, ಮೆಲ್ಲಗೆ ಒದೆಯಿತು.

"ಜೀವ ಇದೆ ಅಯ್ಯಾ! ಜೀವ ಇದೆ!"

ಸ್ವಲ್ಪ ಹೊತ್ತಿಗೆ ಕರು ಹುಲ್ಲಿನ ಮೇಲೆ ಜಾರಿ ಬಂತು. ಕೌಲಿ ಅದನ್ನು ನೆಕ್ಕತೊಡಗಿದಳು. ಭರಮಪ್ಪ ಅಲ್ಲೇ ಕೂತು ಮನಸಾರೆ ಅತ್ತ.

ಸಂಜೆ ಹೊಳೆ ಕೆಂಪಾಗಿತ್ತು. ಭರಮಪ್ಪ ಇನ್ನೊಂದು ಮಣ್ಣಿನ ಗರ್ಭ ತಂದು ಗುರುಗಳ ಮುಂದಿಟ್ಟ. ಇದರ ಕೊರಳು ಬಲಕ್ಕೆ ತಿರುಚಿಕೊಂಡಿತ್ತು.

"ಕೌಲಿ ಕಲಿಸಿದ್ದನ್ನೂ ಸೇರಿಸಿದೆ ಅಯ್ಯಾ. ಈಗ ಪೂರ್ತಿ ಆಯ್ತಲ್ಲ? ಇನ್ನು ಹೊರಡಲಾ?"

ಗುರುಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಬಹಳ ಚೆನ್ನಾಗಿದೆ ಕಣಪ್ಪ. ಮುಂದಿನ ಹಸುವಿಗೆ ತೋರಿಸಿದೆಯಾ?"