ಹಸಿರು ರೊಟ್ಟಿಯ ಪಂಕ್ತಿ

ಹೊಳೆಯ ದಂಡೆಯಲ್ಲಿ ಅಡವಯ್ಯ ಗುರುಗಳ ಆಶ್ರಮ. ಶಿಷ್ಯರಲ್ಲಿ ಉಳಿದವನು ಶಂಕ್ರೆಪ್ಪ ಒಬ್ಬನೇ. ಮಿಕ್ಕವರು ಪಾಚಿಯ ತೊಟ್ಟಿ ಕಟ್ಟಿದ ವರ್ಷವೇ ಗಂಟುಮೂಟೆ ಕಟ್ಟಿದ್ದರು.

ಗೋಬರ್ ಗ್ಯಾಸಿನ ಗುಂಡಿಯಿಂದ ಹೊರಬಿದ್ದ ಸೆಗಣಿಯ ಬಗ್ಗಡವನ್ನು ಶಂಕ್ರೆಪ್ಪ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅದೇ ಗ್ಯಾಸಿನ ಉರಿಯಲ್ಲಿ ಕುದಿಸಿ, ಆರಿಸಿ ತೊಟ್ಟಿಗೆ ಬಿಡುತ್ತಿದ್ದ. ಅದನ್ನುಂಡು ಪಾಚಿ ದಟ್ಟವಾಗುತ್ತಿತ್ತು. ತೆಗೆದು ಒಣಗಿಸಿದರೆ ಹಸಿರು ಪುಡಿ. ಬೇಳೆಗಿಂತ ಹೆಚ್ಚು ಪ್ರೋಟೀನು.

ಸರಕಿನಲ್ಲಿ ಕುಂದಿಲ್ಲ. ಮುಟ್ಟುವವರಿಲ್ಲ, ಅಷ್ಟೆ.

ದಿನವಿಡೀ ಬಿದಿರುಗೋಲಿನಿಂದ ನೀರು ತಿರುವುತ್ತ ಅವನು ಪಾಚಿಯ ಜೊತೆಗೇ ಮಾತಾಡುವುದನ್ನು ಕಲಿತಿದ್ದ.

ಒಮ್ಮೆ ಗುರುಗಳು ಅಂದರು: "ತಿನ್ನವರಿಲ್ಲದ್ದನ್ನ ಎಷ್ಟಂತ ಬೆಳೀತೀಯೋ? ಆಚಿ ದಂಡಿ ಇಟ್ಟಿಗೆ ಭಟ್ಟಿಯವರನ್ನ ಊಟಕ್ಕ ಕರಿ. ಅವರ ಮಕ್ಕಳು ಬಡಕಲಾಗ್ಯಾವ. ಅವರೂ ಉಣ್ಣಲಿಲ್ಲಂದ್ರ ತೊಟ್ಟಿ ಒಡದುಬಿಡು."

ಶಂಕ್ರೆಪ್ಪ ತೊಟ್ಟಿಯತ್ತ ತಿರುಗಿ ನೋಡಿದ. ತೊಟ್ಟಿಯೂ ಇಲ್ಲದ ಮೇಲೆ ಇಲ್ಲಿ ತನಗೆ ಯಾರು?

ದೋಣಿ ತುಂಬ ಜನ ಬಂದರು. ಪಂಕ್ತಿ ಕೂತಿತು. ಎಷ್ಟೋ ಕಾಲದ ಮೇಲೆ ಅಂಗಳದಲ್ಲಿ ಗಲಗಲ. ಶಂಕ್ರೆಪ್ಪ ಪಾಚಿಪುಡಿ ಕಲಸಿ ತಟ್ಟಿದ ಹಸಿರು ರೊಟ್ಟಿ ಬಡಿಸುತ್ತ ಓಡಾಡಿದ.

"ಪಾಚಿ ತಿನ್ನಾಕ ನಾವೇನು ಮೀನೇನಪಾ?" ಎಂದಳು ಭಟ್ಟಿಯವರಲ್ಲಿ ಹಿರಿಯಳಾದ ತಿಪ್ಪವ್ವ.

ಎಲ್ಲರೂ ನಕ್ಕರು. ಶಂಕ್ರೆಪ್ಪನೂ ನಕ್ಕ. "ಗುರುಗೋಳು ದಿನಾ ಇದನ್ನ ಉಣ್ತಾರವ್ವಾ."

"ಅವರು ಕಲ್ಲು ತಿಂದೂ ಕರಗಿಸ್ಯಾರು. ನೀನೂ ನಮ್ಮ ಜೋಡಿ ಉಣ್ಣಾಕ ಕೂಡು."

"ಬಡಿಸಾಂವ ಆಮ್ಯಾಗ ಉಣ್ತಾನವ್ವಾ."

ತಿಪ್ಪವ್ವ ಒಂದು ತುಂಡು ಮುರಿದಳು. ಉಪ್ಪು ಬೇಕೆನಿಸಿ ತಾನೇ ಎದ್ದು ಅಡುಗೆಮನೆಗೆ ಹೋದಳು. ಒಲೆಯ ಬದಿಗೆ, ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿಗಳಿದ್ದವು. ಬೆಳ್ಳಗಿದ್ದವು.

"ಇವು ಯಾರವೋ?"

ಬೆನ್ನಿಗೇ ಬಂದ ಶಂಕ್ರೆಪ್ಪ ತನ್ನ ರೊಟ್ಟಿಗಳ ಮೇಲೆ ಬಟ್ಟೆ ಎಳೆದ. ಬಗ್ಗಡ ಸೋಸುವ ಕೈ ಅವನದು. ಆ ಹಸಿರನ್ನು ಅವನು ಒಮ್ಮೆಯೂ ನಾಲಿಗೆಗೆ ಮುಟ್ಟಿಸಿರಲಿಲ್ಲ.

ತಿಪ್ಪವ್ವ ಅದರಲ್ಲೊಂದನ್ನು ಪಂಕ್ತಿಗೆ ತಂದು ತೋರಿಸಿ, ತನ್ನ ಎಲೆ ಮಡಚಿದಳು. ಪಕ್ಕದವರೂ ಮಡಚಿದರು. ಮಕ್ಕಳ ಕೈ ಹಿಡಿದು ಎಲ್ಲರೂ ದೋಣಿಯತ್ತ ನಡೆದರು. ಒಬ್ಬರಾದರೂ ಬೈದಿದ್ದರೆ ವಾಸಿಯಿತ್ತು.

ಅಂಗಳ ಮತ್ತೆ ಬರಿದಾಯಿತು.

"ಬೆಲ್ಲ ಹಾಕಿ, ಬಣ್ಣ ಮರೆಸಿ ಕೊಡಬೇಕಿತ್ತೇನೋ," ಎಂದು ಗೊಣಗುತ್ತ ಶಂಕ್ರೆಪ್ಪ ಗುದ್ದಲಿ ಹೆಗಲಿಗೇರಿಸಿದ. "ತೊಟ್ಟಿ ಒಡೀತೀನ್ರಿ, ಗುರುಗಳೇ."

ಗುರುಗಳು ಒಂದು ಎಲೆ, ಒಂದು ಹಸಿರು ರೊಟ್ಟಿ ಹಿಡಿದು ದಂಡೆಗೆ ಇಳಿದರು. ನೀರಿನಂಚಿನ ಬೋಳುಬಂಡೆಯ ಮೇಲೆ ಎಲೆ ಹಾಸಿ, ರೊಟ್ಟಿ ಇಟ್ಟರು.

"ಗುದ್ದಲಿ ಇಟ್ಟು ಬಾ, ಕೂಡು, ಉಣ್ಣು. ದೋಣಿ ಇನ್ನೂ ನಡುಹೊಳ್ಯಾಗ ಐತಿ. ತಿಪ್ಪವ್ವ ಈ ಕಡಿಗೇ ನೋಡಾಕತ್ತಾಳ."