ಮೂರು ಥರ ಬಳೆ ಆರಿಸಿದ ಅಕ್ಕತಂಗಿಯರು

ಇತ್ತ ತಿರುಗಿ ಮಲಗು ಮಗಾ, ಹೂಂ ಅಂತಾ ಇರಬೇಕು, ನೀನು ಹೂಂ ಅನ್ನೋದು ನಿಲ್ಲಿಸಿದರೆ ನಾನೂ ನಿಲ್ಲಿಸಿಬಿಡ್ತೀನಿ. ಒಂದಾನೊಂದು ಕಾಲದಲ್ಲಿ, ನನ್ನ ಅಜ್ಜಿಗೆ ಇನ್ನೂ ಹಾಲುಹಲ್ಲು ಇದ್ದ ಕಾಲ ಅಂತಿಟ್ಟುಕೋ, ತೊರೆಸಾಲು ಅನ್ನೋ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ಬಳೆಗಾರ್ತಿ ಇದ್ದಳಂತೆ. ಅವಳಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡೋಳು ವೆಂಕಿ, ಎಂಟು ವರ್ಷ. ನಡುವಿನೋಳು ತಿಮ್ಮಿ, ಆರು ವರ್ಷ. ಕಿರಿಯೋಳು ಚೂಡಿ, ಅವಳಿಗೆ ನಾಲ್ಕು ತುಂಬಿತ್ತೋ ಇಲ್ಲವೋ. ಒಬ್ಬಳು ಎಡಕ್ಕೆ ಅಂದರೆ ಇನ್ನೊಬ್ಬಳು ಬಲಕ್ಕೆ ಅನ್ನೋಳು, ಮೂರನೆಯೋಳು ಅಲ್ಲೇ ಕೂತುಬಿಡೋಳು, ಅಂಥ ಮಕ್ಕಳಂತೆ.

ಹೀಗಿರುವಾಗ ಆ ಊರ ಪಟೇಲರ ಮನೇಲಿ ಮಗಳ ಮದುವೆ ಗೊತ್ತಾಯ್ತಂತೆ. ಮದುವೆಗೆ ಮುಂಚೆ ಮನೆ ಹೆಂಗಸರಿಗೆಲ್ಲ ಹಸಿರು ಬಳೆ ತೊಡಿಸೋ ಶಾಸ್ತ್ರ ಇದೆಯಲ್ಲ, ಅದಕ್ಕೆ ಅಂತ ಚಿಕ್ಕತಾಯಮ್ಮ ಬಳೆಗಳನ್ನೆಲ್ಲ ಬಣ್ಣ ನೋಡಿ, ಅಳತೆ ನೋಡಿ, ದಾರಕ್ಕೆ ಪೋಣಿಸಿ, ಆ ಸರಗಳನ್ನೆಲ್ಲ ಸೇರಿಸಿ ದೊಡ್ಡ ಮಲಾರ ಕಟ್ಟಿ ಜಗಲಿ ಗೂಟಕ್ಕೆ ತೂಗುಹಾಕಿ, ಬೇರೆ ಸೀರೆ ಉಟ್ಟುಕೊಂಡು ಬರೋಣ ಅಂತ ಒಳಗೆ ಹೋದಳಂತೆ. ಅಷ್ಟರಲ್ಲಿ ಎದುರುಮನೆ ಟಗರು ಬಂದು, ಗೂಟಕ್ಕೆ ಕೊಂಬು ಉಜ್ಜೋಕೆ ಹೋಗಿ ಮಲಾರದೊಳಗೆ ತಲೆ ತೂರಿಸಿಬಿಡ್ತಂತೆ. ತಲೆ ಕೊಡವಿದರೆ ಝಣ ಝಣ, ಆ ಸದ್ದಿಗೆ ಹೆದರಿ ಓಡಿದರೆ ಇನ್ನೂ ಜೋರಾಗಿ ಝಣ ಝಣ. ಯಾರ ಮನೆ ಮದುವಣಗಿತ್ತಿಯೋ ಓಡಿಹೋಗ್ತಿದ್ದಾಳೆ ಅಂದುಕೊಂಡು ಊರೋರೆಲ್ಲ ಬಾಗಿಲಿಗೆ ಬಂದು ನೋಡಿದರಂತೆ. ಕೊನೆಗೆ ಕಣದ ಹುಲ್ಲಿನ ಮೇಲೆ ದಾರ ಕಿತ್ತು ಬಳೆಯೆಲ್ಲ ಚೆಲ್ಲಾಪಿಲ್ಲಿ. ಹುಲ್ಲು ಇದ್ದದ್ದಕ್ಕೆ ಒಡೆದದ್ದು ಕಡಿಮೆ, ಕಲೆತುಹೋಗಿದ್ದು ಮಾತ್ರ ಪೂರ್ತಿ.

ಪಟೇಲರ ಹೆಂಡತಿ ನಂಜಮ್ಮಣ್ಣಿ ಬಲು ಬಿಗಿಯ ಹೆಂಗಸಂತೆ. ಸೂರ್ಯ ನೆತ್ತಿಗೆ ಬರೋದರೊಳಗೆ ಶಾಸ್ತ್ರ ಮುಗೀಬೇಕು, ಇಲ್ಲದಿದ್ದರೆ ಹೊಸಕೆರೆ ಬಳೆಗಾರನನ್ನ ಕರೆಸ್ತೀನಿ, ಆಮೇಲೆ ಈ ಊರಿನ ಬಳೆಯೆಲ್ಲ ಅವನದೇ ಅಂತ ಮೊದಲೇ ಹೇಳಿದ್ದಳು. ಊರೇ ಕೈತಪ್ಪಿದರೆ ತಾಯಿಮಕ್ಕಳು ಏನು ತಿನ್ನಬೇಕು, ಹೇಳು. ಚಿಕ್ಕತಾಯಮ್ಮ ಬಳೆ ಬಾಚಿ ಜಗಲಿಗೆ ಸುರಿದು, ಬೇರೆ ಬೇರೆ ಮಾಡಿ ತನ್ರಮ್ಮ, ಅಲ್ಲೀತನಕ ನಾನು ಅವರನ್ನ ಮಾತಲ್ಲಿ ಕೂರಿಸಿರ್ತೀನಿ ಅಂತ ಓಡಿದಳಂತೆ. ಹೇಗೆ ಬೇರೆ ಮಾಡಬೇಕು ಅನ್ನೋದು ಹೇಳೋಕೆ ಮರೆತಳು, ಅಲ್ಲೇ ಬಂದದ್ದು ಪಜೀತಿ.

ಬಳೆ ಅಂದಮೇಲೆ ಬಣ್ಣ ತಾನೇ ಅಂತ ವೆಂಕಿ ಕೆಂಪು, ಹಸಿರು, ಹಳದಿ, ಕಪ್ಪು, ನಾಲ್ಕು ಗುಡ್ಡೆ ಮಾಡಿ, ಹಸಿರಿನ ಗುಡ್ಡೆ ಬುಟ್ಟಿಗೆ ತುಂಬಿ ಹೊತ್ತುಕೊಂಡು ಹೋದಳಂತೆ. ನಂಜಮ್ಮಣ್ಣಿ ಕೈ ಬಾಳೆದಿಂಡಿನ ಹಾಗಿತ್ತು. ಆತುರಕ್ಕೆ ಕೈಗೆ ಸಿಕ್ಕಿದ್ದು ತೊಡಿಸೋಕೆ ಹೋದರೆ ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಒಬ್ಬಳು ಹರಳೆಣ್ಣೆ ತಂದಳು, ಒಬ್ಬಳು ಸೀಗೆಪುಡಿ ಕಲಸಿ ತಂದಳು, ಇಬ್ಬರು ಹಿಡಿದು ಎಳೆದು ಬಿಡಿಸಿದರು. ಬುಟ್ಟಿ ಕೆದಕಿದರೆ ಕೂಸಿನ ಬಳೆಯೂ ಅದರಲ್ಲೇ, ಅಜ್ಜಿ ಬಳೆಯೂ ಅದರಲ್ಲೇ. ಹೀಗೆ ಹುಡುಕ್ತಾ ಕೂತರೆ ಸಂಜೆ ಆಗುತ್ತೆ, ಅಳತೆ ನೋಡಿ ಬೇರೆ ಮಾಡಿ ತಾ ಅಂತ ಚಿಕ್ಕತಾಯಮ್ಮ ವೆಂಕೀನ ಬುಟ್ಟಿ ಸಮೇತ ವಾಪಸ್ಸು ಕಳಿಸಿದಳಂತೆ.

ಅಳತೆ ಅಂದದ್ದೇ ತಡ ತಿಮ್ಮಿ ಎದ್ದಳು. ನಾನು ಆಗಲೇ ಹೇಳಿರಲಿಲ್ಲವಾ ಅಂತ ಅಕ್ಕನ ನಾಲ್ಕು ಗುಡ್ಡೆಯನ್ನೂ ಒಂದೇ ಗುಡ್ಡೆ ಮಾಡಿ, ಚಿಕ್ಕದು, ನಡುವಿನದು, ದೊಡ್ಡದು ಅಂತ ಕೈ ತೂರಿಸಿ ತೂರಿಸಿ ಬೇರೆ ಮಾಡಿದಳಂತೆ. ಆಮೇಲೆ ದೊಡ್ಡ ಬಳೆ ಹೊತ್ತುಕೊಂಡು ಹೋದರೆ ಬುಟ್ಟಿ ತುಂಬ ಕಪ್ಪು, ಕೆಂಪು, ಹಳದಿ. ಮದುವೆಮನೆಗೆ ಕಪ್ಪು ಬಳೆ ತಂದಳಲ್ಲ ಅಂತ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರಂತೆ. ಚಿಕ್ಕತಾಯಮ್ಮ ಹೇಗೋ ಒಂದು ಹಸಿರು ಹುಡುಕಿ ನಂಜಮ್ಮಣ್ಣಿಗೆ ತೊಡಿಸಿದಳು, ಅದು ಕೈಮೇಲೇ ಪಟ್ಟಂತ ಎರಡಾಯ್ತು. ಟಗರಿನ ಓಟದಲ್ಲಿ ಬಿರುಕು ಬಿಟ್ಟಿತ್ತು, ಕಣ್ಣಿಗೆ ಕಂಡಿರಲಿಲ್ಲ. ನಂಜಮ್ಮಣ್ಣಿ ಆಳನ್ನ ಕರೆದು, ಹೊಸಕೆರೆಗೆ ಓಡು ಅಂದಳಂತೆ.

ಚಿಕ್ಕತಾಯಮ್ಮ ಕಣ್ಣೊರೆಸಿಕೊಂಡು ಮನೆಗೆ ಬಂದರೆ ವೆಂಕಿ ಜಡೆ ತಿಮ್ಮಿ ಕೈಯಲ್ಲಿ, ತಿಮ್ಮಿ ಜಡೆ ವೆಂಕಿ ಕೈಯಲ್ಲಿ. ಒಬ್ಬಳು ಕೂಡಿಸಿದ್ದನ್ನ ಇನ್ನೊಬ್ಬಳು ಕಾಲಲ್ಲಿ ಕಲಸ್ತಾ ಇದ್ದಳಂತೆ. ತಾಯಿ ಹೊಡೆಯೋಕೆ ಕೈ ಎತ್ತಿದಳು, ಮೊದಲು ಯಾರಿಗೆ ಅಂತ ತಿಳೀದೆ ಕೈ ಹಾಗೇ ನಿಂತಿತಂತೆ. ಆಗ ಮೂಲೆಯಿಂದ ಠಿಣ್ ಅಂತ ಸದ್ದು. ಆಮೇಲೆ ಇನ್ನೊಂದು ಠಿಣ್. ಆಮೇಲೆ ಟಪ್ಪ್. ನೋಡಿದರೆ ಚೂಡಿ, ಒಂದೊಂದೇ ಬಳೆ ಕಿವಿ ಹತ್ತಿರ ಹಿಡಿದು, ಬೆಣಚುಕಲ್ಲಲ್ಲಿ ತಟ್ಟಿ, ಕೆಲವನ್ನ ಮೊರದೊಳಕ್ಕೆ ಹಾಕಿ ಕೆಲವನ್ನ ನೆಲದ ಮೇಲೆ ಇಡ್ತಿದ್ದಳಂತೆ. ಅಕ್ಕಂದಿರು ಬೆಳಗಿನಿಂದ ಅವಳನ್ನ ನೋಡಿ ನಕ್ಕಿದ್ದೇ ನಕ್ಕಿದ್ದು. ಏನೇ ಅದು ಅಂತ ತಾಯಿ ಕೇಳಿದಳು.

"ಮೊರದಲ್ಲಿರೋವು ಹಾಡ್ತವೆ ಅಮ್ಮ. ಇವಕ್ಕೆ ನೆಗಡಿ ಆಗಿದೆ."

ತಾಯಿ ನೆಗಡಿ ಆದ ಬಳೆ ಒಂದನ್ನ ಬಿಸಿಲಿಗೆ ಹಿಡಿದು ನೋಡಿದಳು, ಕೂದಲೆಳೆಯಷ್ಟು ಬಿರುಕು. ಇನ್ನೊಂದು ನೋಡಿದಳು, ಅದರಲ್ಲೂ ಬಿರುಕು. ಆಗ ಅವಳು ಚೂಡೀನ ಮಡಿಲಿಗೆ ಎಳಕೊಂಡು, ದೊಡ್ಡೋರಿಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದಳಂತೆ:

"ಮೂವರದೂ ಸರಿಯೇ ಕಣ್ರಮ್ಮ. ಒಬ್ಬಳು ಮಾಡಿದ್ದನ್ನ ಇನ್ನೊಬ್ಬಳು ಕೆಡಿಸಬೇಡಿ, ಅದರೊಳಗೇ ನಿಮ್ಮದು ಮಾಡಿ."

ಸರಿ, ಚೂಡಿ ತಟ್ಟಿ ಕೇಳಿ ಹಾಡೋ ಬಳೆ ಕೊಟ್ಟಳು. ಅದರೊಳಗೆ ವೆಂಕಿ ಹಸಿರು ಆರಿಸಿ ಕೊಟ್ಟಳು. ಆ ಹಸಿರಲ್ಲಿ ತಿಮ್ಮಿ ಚಿಕ್ಕದು, ನಡುವಿನದು, ದೊಡ್ಡದು ಸಾಲು ಮಾಡಿದಳು. ಎಷ್ಟು ಬೇಕು ಅಂತ ಎಣಿಸೋಕೆ ಮಕ್ಕಳಿಗೆ ಯಾರಿಗೂ ಬರ್ತಿರಲಿಲ್ಲವಲ್ಲ, ಅದಕ್ಕೆ ತಾಯಿ ಮದುವೆಮನೆಯ ಒಬ್ಬೊಬ್ಬ ಹೆಂಗಸಿನ ಹೆಸರು ಹೇಳಿ ಒಂದೊಂದು ಹುಣಸೆಬೀಜ ಇಡಿಸಿದಳಂತೆ. ಪ್ರತಿ ಬೀಜದ ಮುಂದೆ, ಈ ಕೈಗೊಂದು ಆ ಕೈಗೊಂದು, ಈ ಕೈಗೊಂದು ಆ ಕೈಗೊಂದು ಅಂತ ಮಕ್ಕಳು ಬಳೆ ಜೋಡಿಸಿದರು. ನಂಜಮ್ಮಣ್ಣಿ ಹೆಸರಿಗೆ ಚೂಡಿ ಬೀಜ ಬಿಟ್ಟು ಇಡೀ ಹುಣಸೆಹಣ್ಣೇ ಇಟ್ಟಳಂತೆ.

ಬುಟ್ಟಿ ಹೊತ್ತು ನಾಲ್ವರೂ ಹೋಗೋ ಹೊತ್ತಿಗೆ ಹೊಸಕೆರೆ ಬಳೆಗಾರ ಮುದ್ದಯ್ಯ ಬಂದು ಕೂತು ಪೆಟ್ಟಿಗೆ ತೆಗೆದಿದ್ದ. ಅವನ ಪೆಟ್ಟಿಗೆಯಲ್ಲಿ ಬಳೆ ಜೊತೆಗೆ ಎಲೆಅಡಿಕೆ, ಕನ್ನಡಕ, ಹೋದ ವರ್ಷದ ಚಕ್ಕುಲಿ ಎಲ್ಲ ಒಟ್ಟಿಗೇ ಇತ್ತಂತೆ. ಒಂದು ಹಸಿರು ಬಳೆ ಸಿಕ್ಕಿತ್ತು, ಅದರ ಜೋಡಿ ಹುಡುಕ್ತಾ ಇದ್ದ. ಅವನು ಹುಡುಕ್ತಾ ಇರೋವಾಗಲೇ ಇಲ್ಲಿ ತಿಮ್ಮಿ ಸಾಲಿಂದ ತೆಗೆದು ಕೊಡೋದು, ತಾಯಿ ತೊಡಿಸೋದು. ಮದುಮಗಳದು ಆಯ್ತು, ಅವಳ ಅಜ್ಜಿದು ಆಯ್ತು, ಅತ್ತೆಯಂದಿರದು ಆಯ್ತು. ಕೊನೆಗೆ ನಂಜಮ್ಮಣ್ಣಿ ಮುಖ ಅತ್ತ ತಿರುಗಿಸಿಕೊಂಡೇ ಕೈ ಚಾಚಿದಳು. ಎಣ್ಣೆ ಇಲ್ಲ, ಸೀಗೆ ಇಲ್ಲ, ಬಳೆ ಸರ್ರಂತ ಜಾರಿ ಕೂತಿತು. ಅವಳು ಕೈ ಅಲ್ಲಾಡಿಸಿ ಸದ್ದು ಕೇಳಿ, ಹೂಂ, ಆ ಕೈಗೂ ಹಾಕು ಅಂದಳಂತೆ. ಸೂರ್ಯ ನೆತ್ತಿಗೆ ಬರೋ ಮುಂಚೆ ಶಾಸ್ತ್ರ ಮುಗೀತು, ಊರು ಉಳೀತು.

ಮುದ್ದಯ್ಯ ಮದುವೆಮನೆ ಊಟ ಮುಗಿಸಿಕೊಂಡು ಚಿಕ್ಕತಾಯಮ್ಮನ ಜಗಲಿಗೆ ಬಂದು, ನಾಳೆಯಿಂದ ನನ್ನ ಇಬ್ಬರು ಮಕ್ಕಳನ್ನೂ ಇಲ್ಲಿ ಕೂರಿಸ್ಕೊಳ್ಳಿ ಅಕ್ಕ, ಆರಿಸೋದು ಕಲೀಲಿ ಅಂದನಂತೆ. ಅವರನ್ನ ನೋಡಿ ಊರ ಮಕ್ಕಳೆಲ್ಲ ಬಂದರು. ಅವರೆಕಾಳು, ಗುಲಗಂಜಿ, ಕವಡೆ, ಸಿಕ್ಕಿದ್ದನ್ನ ಗುಡ್ಡೆ ಮಾಡ್ತಾ ಮಾಡ್ತಾ ಯಾವುದು ಹೆಚ್ಚು, ಯಾವುದು ಕಡಿಮೆ, ಎಷ್ಟು ಹೆಚ್ಚು ಅಂತ ಜಗಳ ಆಡ್ತಾ ಆಡ್ತಾ ಲೆಕ್ಕ ಕಲಿತುಬಿಟ್ಟರಂತೆ. ಚಿಕ್ಕತಾಯಮ್ಮನ ಮನೆಗೆ ದಿನಾ ಒಬ್ಬರಲ್ಲ ಒಬ್ಬರು ಹಾಲು ಮೊಸರು ತಂದು ಕೊಡ್ತಿದ್ದರು, ತಾಯಿಮಕ್ಕಳು ಉಂಡುಟ್ಟು ಸುಖವಾಗಿದ್ದರು.

ಒಂದೇ ತೊಂದರೆ ಆಗಿದ್ದು. ಮಕ್ಕಳಿಗೆ ಆ ಚಟ ಬಿಡಲಿಲ್ಲ. ಪಟೇಲರ ಮನೆಗೆ ಬೀಗರು ಬಂದ ದಿನ ಎಲ್ಲ ಮಕ್ಕಳೂ ಬಾಗಿಲಲ್ಲಿ ನಿಂತು, ಮೀಸೆ ಇರೋರು ಈ ಕಡೆ ಚಾಪೆ, ಇಲ್ಲದೋರು ಆ ಕಡೆ ಚಾಪೆ ಅಂತ ಕೂರಿಸಿದರಂತೆ. ಮದುಮಗನಿಗೆ ಆಗಷ್ಟೇ ಮೀಸೆ ಚಿಗುರ್ತಾ ಇತ್ತು. ಪಾಪ, ಯಾವ ಚಾಪೆ ಅಂತ ಮಕ್ಕಳು ತೀರ್ಮಾನ ಮಾಡೋ ತನಕ ಅವನು ನಡುವೆ ನಿಂತೇ ಇದ್ದನಂತೆ, ಊಟದ ಎಲೆ ಹಾಕಿದರೂ ನಿಂತೇ ಇದ್ದನಂತೆ.

ಏನು, ಹೂಂ ಅನ್ನೋದು ನಿಂತುಹೋಯ್ತಾ. ಹಾಗಾದರೆ ಕತೇನೂ ಮುಗೀತು ಬಿಡು, ಮಲಕ್ಕೋ.